ಮನೆ ಬೇಕು, ಮನೆಯವರು ಬೇಡ: ವಾರ್ತಾ ಇಲಾಖೆಗೆ ಒಬ್ಬ ಕೇಬಲ್‌ನವನ ಬಹಿರಂಗ ಪತ್ರ

ಇವರಿಗೆ,
ಕಾರ್ಯದರ್ಶಿಗಳು,
ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.

ಇವರಿಂದ,
ಒಬ್ಬ ಕೇಬಲ್ ಆಪರೇಟರ್, ರಿಪ್ಪನ್‌ಪೇಟೆ ಹತ್ತಿರ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ಮಾನ್ಯರೇ,

ಹೋದ ಮಳೆಗಾಲದ ಒಂದು ರಾತ್ರಿ ಎಂಟೂವರೆಗೆ ಫೋನು ಹೊಡೆದುಕೊಂಡಿತು. ಮೇಲಿನಕೇರಿಯ ಅಜ್ಜಿ. "ತಮಾ, ಟೀವಿ ಹೋಯ್ತಲ್ಲೋ. ಇವತ್ತು ಆ ಹುಡುಗಿಗೆ ನಿಜ ಗೊತ್ತಾಗೋ ದಿನ ಕಣೋ!" ಹೊರಗೆ ಧೋ ಅಂತ ಸುರಿಯುತ್ತಿತ್ತು. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು ಹೊರಟೆ. ಹಲಸಿನ ಕೊಂಬೆ ಮುರಿದು ವೈರಿನ ಮೇಲೆ ಬಿದ್ದಿತ್ತು. ಉಂಬಳ ಕಿತ್ತು ಬಿಸಾಕುತ್ತಾ ವೈರು ಜೋಡಿಸುವಷ್ಟರಲ್ಲಿ ಸೀರಿಯಲ್ ಮುಗಿದಿತ್ತು. ಅಜ್ಜಿಗೆ ಬೇಜಾರೇನೂ ಇರಲಿಲ್ಲ. ಶಿವಮೊಗ್ಗದಲ್ಲಿರುವ ಮಗಳು ಫೋನಿನಲ್ಲೇ ಕಥೆ ಹೇಳಿದ್ದಳಂತೆ. "ಗೊತ್ತಾಗ್ಲಿಲ್ಲ ಮಾರಾಯ. ಬಾಗಿಲ ಹತ್ರ ಬಂದು ನಿಂತ್ಲಂತೆ, ಅಷ್ಟರಲ್ಲಿ ಮುಗಿಸಿದ್ರಂತೆ."

ಆ ಹುಡುಗಿ ಬಾಗಿಲ ಹತ್ತಿರ ನಾಲ್ಕು ದಿನ ನಿಂತಿದ್ದಳು.

1994ರಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಉದಯ ಟೀವಿ ಶುರುವಾಗಿದ್ದೂ ಅದೇ ವರ್ಷ. ಅವಳನ್ನು ಆ ಬಾಗಿಲಲ್ಲಿ ನಾಲ್ಕು ದಿನ ನಿಲ್ಲಿಸುವವರು ಯಾರು, ಯಾಕೆ ಅನ್ನುವುದು ನನಗೆ ನಿಧಾನವಾಗಿ ಅರ್ಥವಾಗುತ್ತಾ ಬಂದ ವಿಷಯ. ನಿಮಗೆ ಈಗ ಬರೆಯಲು ಕಾರಣ ಇಷ್ಟೆ. 2025-26ರ ಬಜೆಟ್‌ನಲ್ಲಿ ಸರ್ಕಾರ ಕನ್ನಡ ಸಿನಿಮಾಗಳಿಗಾಗಿ ತನ್ನದೇ ಒಂದು ಒಟಿಟಿ, ಅಂದರೆ ಇಂಟರ್‌ನೆಟ್‌ನಲ್ಲಿ ಸಿನಿಮಾ ತೋರಿಸುವ ವ್ಯವಸ್ಥೆ, ಮಾಡುವುದಾಗಿ ಹೇಳಿತು. ಮೈಸೂರಿನಲ್ಲಿ 150 ಎಕರೆಯ ಚಿತ್ರನಗರಿ, ಟಿಕೆಟ್ಟಿಗೆ 200 ರೂಪಾಯಿಯ ಮಿತಿ, ಕನ್ನಡ ಸಿನಿಮಾಗಳ ಭಂಡಾರಕ್ಕೆ 3 ಕೋಟಿ ಅಂತಲೂ ಅದರಲ್ಲಿತ್ತು. ಟಿಕೆಟ್ ದರ ಕೋರ್ಟಿಗೆ ಹೋಯಿತು, ಅದು ಅಲ್ಲೇ ಇರಲಿ. ಚಿತ್ರನಗರಿ ದೊಡ್ಡವರ ವಿಷಯ. ಒಟಿಟಿ ಮಾತ್ರ ನನ್ನ ಕಸುಬಿಗೆ ಹತ್ತಿರದ್ದು. ಅದೂ ಒಂದು ಕೇಬಲ್ಲೇ ಅಲ್ವಾ?

ನಮ್ಮ ಕಡೆ ಹಿಂದೆ ಗುಡ್ಡದ ಅಬ್ಬಿಯಿಂದ ದಂಬೆ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಕಾಲುವೆ, ಕಟ್ಟಿ ಮನೆಗೆ ನೀರು ತರುತ್ತಿದ್ದರು. ದಂಬೆಯ ತಲೆ ಎಲ್ಲಿ ಇಟ್ಟಿರೋ ಅಲ್ಲಿನ ನೀರೇ ಬಚ್ಚಲಿಗೆ ಬೀಳುವುದು. ಮನೆಯಲ್ಲಿ ಕೂತು "ಈ ನೀರು ಯಾಕೆ ಹೀಗಿದೆ" ಅಂತ ಬೈದುಕೊಂಡರೆ ಏನೂ ಆಗುವುದಿಲ್ಲ, ಗುಡ್ಡ ಹತ್ತಬೇಕು. ನೀವಿನ್ನೂ ದಂಬೆ ಕಟ್ಟುತ್ತಿದ್ದೀರಿ, ತಲೆ ಎಲ್ಲಿಡುವುದು ಅಂತ ಈಗಲೇ ಯೋಚಿಸಬಹುದು ಅಂತ ಈ ಪತ್ರ.

ನಾನು ಶುರು ಮಾಡಿದಾಗ ಕಂಟ್ರೋಲ್ ರೂಮ್ ಅಂದರೆ ನಮ್ಮನೆ ಜಗುಲಿಯ ಮೂಲೆ. ಐದಾರು ರಿಸೀವರು, ಚಾನೆಲ್ಲನ್ನು ವೈರಿಗೆ ಏರಿಸುವ ಐದಾರು ಮಾಡ್ಯುಲೇಟರು, ಒಂದು ವಿಸಿಆರ್. ಅಂಗಳದಲ್ಲಿ ಅಡಿಕೆ ಒಣಹಾಕುವ ಜಾಗ ಬಿಟ್ಟು ಮೂಲೆಯಲ್ಲಿ ಡಿಶ್ಶು. ವೈರನ್ನು ಮರದಿಂದ ಮರಕ್ಕೆ ಎಳೆದಿದ್ದೆ. ಏಪ್ರಿಲ್‌ನಲ್ಲಿ ಸಿಡಿಲು ಬಡಿದರೆ ಆಂಪ್ಲಿಫೈಯರ್ ಸುಡುತ್ತಿತ್ತು, ಉಳಿದ ಕಾಲಕ್ಕೆ ಮಂಗಗಳು ಇದ್ದವು. ಆದರೆ ಯಾವ ಚಾನೆಲ್ ಬರಬೇಕು ಅಂತ ನಾನೇ ತೀರ್ಮಾನ ಮಾಡುತ್ತಿದ್ದೆ. ಊರವರು ಬಂದು ಜಗಳ ಮಾಡಿ ಬದಲಾಯಿಸುತ್ತಿದ್ದರು. ಕ್ರಿಕೆಟ್ ಹುಡುಗರ ಒಂದು ಪಾರ್ಟಿ, ಸಿನಿಮಾ ಹೆಂಗಸರ ಇನ್ನೊಂದು ಪಾರ್ಟಿ. (ವಿಸಿಆರ್‌ನಲ್ಲಿ ಯಾವ ಯಾವ ಕ್ಯಾಸೆಟ್ ಹಾಕುತ್ತಿದ್ದೆ ಅನ್ನುವುದನ್ನು ಸರ್ಕಾರಕ್ಕೆ ಬರೆಯುವ ಪತ್ರದಲ್ಲಿ ಜಾಸ್ತಿ ಹೇಳುವುದು ಬೇಡ.)

ಆಮೇಲೆ ಪೇ ಚಾನೆಲ್ ಬಂದವು, ಅವುಗಳ ಹಿಂದೆಯೇ ಬೊಕೆ ಬಂತು. ಬೊಕೆ ಅಂದರೆ ಹೂವಿನ ಗುಚ್ಛ ಅಂದುಕೊಳ್ಳಬೇಡಿ. ಸೊಸೈಟಿಯಲ್ಲಿ ಸೀಮೆಎಣ್ಣೆ ಬೇಕು ಅಂದರೆ ಉಪ್ಪಿನ ಪ್ಯಾಕೆಟ್ಟೂ ತಗೋಬೇಕು ಅನ್ನುತ್ತಿದ್ದರಲ್ಲ, ಅದು. ಅಜ್ಜಿಗೆ ಬೇಕಾದದ್ದು ಒಂದು ಕನ್ನಡ ಚಾನೆಲ್. ಜೊತೆಗೆ ಅದೇ ಕಂಪನಿಯ ಹಿಂದಿ ಚಾನೆಲ್ಲು, ಹಾಡಿನ ಚಾನೆಲ್ಲು, ಯಾರೂ ನೋಡದ ಇನ್ನೆರಡು. 2019ರ ಫೆಬ್ರುವರಿಯಲ್ಲಿ ಫೋನು, ಕೇಬಲ್ ನಿಯಮ ಮಾಡುವ ಕೇಂದ್ರದ ಟ್ರಾಯ್ ಹೊಸ ನಿಯಮ ಜಾರಿಗೆ ತಂದು, ನಿಮಗೆ ಬೇಕಾದ ಚಾನೆಲ್ ಮಾತ್ರ ತಗೊಳ್ಳಿ ಅಂದಿತು. ಮೂಲ ಶುಲ್ಕ 130 ರೂಪಾಯಿ, ತೆರಿಗೆ ಸೇರಿ 153 ಚಿಲ್ಲರೆ. ಅದರ ಮೇಲೆ ಚಾನೆಲ್ಲಿಗೆ ಬಿಡಿ ಬೆಲೆ. ನಾನು ಮನೆಮನೆಗೆ ಫಾರಂ ಹಿಡಿದು ಹೋದೆ. ಬಿಡಿಬಿಡಿಯಾಗಿ ಕೂಡಿಸಿ ನೋಡಿದರೆ ಬೊಕೆಗಿಂತ ದುಬಾರಿ! ಎಲ್ಲರೂ ಬೊಕೆಗೇ ಟಿಕ್ ಹಾಕಿದರು. ಹಾಗೆ ಟಿಕ್ ಆದ ಚಾನೆಲ್ಲುಗಳನ್ನೆಲ್ಲ "ಜನ ಆರಿಸಿಕೊಂಡದ್ದು" ಅಂತ ಕರೆದರೆ ನಗು ಬರುತ್ತದೆ.

ಇದು ಹೊಸ ಆಟವಲ್ಲ ಅಂತ ನನಗೆ ಹೇಳಿದವರು ಹೆಗ್ಗೋಡಿನ ನೀನಾಸಮ್ ಶಿಬಿರದಲ್ಲಿ ಪಕ್ಕ ಕೂತಿದ್ದ ಒಬ್ಬರು ಮೇಷ್ಟ್ರು. ಅಮೆರಿಕದಲ್ಲಿ ಪ್ಯಾರಾಮೌಂಟ್, ಎಂಜಿಎಂ, ವಾರ್ನರ್, ಫಾಕ್ಸ್, ಆರ್‌ಕೆಓ ಅಂತ ಐದು ದೊಡ್ಡ ಸ್ಟುಡಿಯೋಗಳಿದ್ದವಂತೆ. ಸಿನಿಮಾ ಮಾಡುವವರೂ ಅವರೇ, ಹಂಚುವವರೂ ಅವರೇ, ದೊಡ್ಡ ಊರುಗಳ ಒಳ್ಳೊಳ್ಳೆ ಥಿಯೇಟರುಗಳೂ ಅವರವೇ. ಸಣ್ಣ ಥಿಯೇಟರಿನವ ಒಂದು ಸ್ಟಾರ್ ಸಿನಿಮಾ ಕೇಳಿದರೆ, ಇನ್ನೂ ತಯಾರೇ ಆಗದ ಹತ್ತಾರು ಸಿನಿಮಾಗಳನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಬೇಕು. ಬ್ಲಾಕ್ ಬುಕಿಂಗ್ ಅಂತ ಅದಕ್ಕೆ ಹೆಸರು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ತಪ್ಪು ಅಂದಿತು. ಸ್ಟುಡಿಯೋಗಳು ಥಿಯೇಟರುಗಳನ್ನು ಬಿಟ್ಟುಕೊಡಬೇಕಾಯಿತು. ಕಾಲ ಬದಲಾಗಿದೆ ಅಂತ 2020ರಲ್ಲಿ ಆ ಕಟ್ಟುಪಾಡನ್ನೂ ತೆಗೆದುಹಾಕಿದರು. ಮೇಷ್ಟ್ರ ಮಾತು ಕೇಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಕೈಲಿದ್ದ ಬೊಕೆ ಪಟ್ಟಿ.

ಈಗ ನಮ್ಮಲ್ಲಿ ಗುಡ್ಡದ ಮೇಲೆ ಯಾರಿದ್ದಾರೆ ನೋಡಿ. ಕನ್ನಡದ ದೊಡ್ಡ ಮನರಂಜನಾ ಚಾನೆಲ್ ಅಂದರೆ ನಾಲ್ಕು. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ. 2024ರ ನವೆಂಬರಿನಲ್ಲಿ ಡಿಸ್ನಿಯ ಸ್ಟಾರ್ ಮತ್ತು ರಿಲಯನ್ಸ್ ಕಡೆಯ ವಯಾಕಾಂ18 ಸೇರಿ ಜಿಯೋಸ್ಟಾರ್ ಆಯಿತು. ಅಲ್ಲಿಗೆ ಕೊನೆಯ ಎರಡೂ ಒಂದೇ ಮನೆಗೆ ಸೇರಿದವು. ನಾಲ್ಕು ಚಾನೆಲ್, ಮೂರು ಯಜಮಾನರು. ಇಬ್ಬರು ಮುಂಬೈಯಲ್ಲಿ, ಒಬ್ಬರು ಚೆನ್ನೈಯಲ್ಲಿ. ಬರೆಯುವವರು, ನಟಿಸುವವರು, ಲೈಟ್ ಹಿಡಿಯುವವರು ನಮ್ಮವರೇ, ಸುಳ್ಳು ಹೇಳಬಾರದು. ಸಾವಿರಾರು ಮನೆಗಳ ಒಲೆ ಉರಿಯುತ್ತಿರುವುದು ಇದರಿಂದ. ಆದರೆ ಯಾವ ಕಥೆಗೆ ದುಡ್ಡು ಹಾಕಬೇಕು, ಯಾವ ಹೊತ್ತಿಗೆ ಹಾಕಬೇಕು, ಯಾವುದನ್ನು ನಿಲ್ಲಿಸಬೇಕು ಅನ್ನುವ ಮಾತು ಮೇಲಿಂದ ಬರುತ್ತದೆ.

ಮೇಲಿನವರು ನಂಬುವುದು ಒಂದು ಅಂಕಿಯನ್ನು. ಯಾವುದನ್ನು ಎಷ್ಟು ಜನ ನೋಡಿದರು ಅಂತ ಅಳೆಯುವ ಬಾರ್ಕ್ ಸಂಸ್ಥೆ ಪ್ರತಿ ಗುರುವಾರ ರೇಟಿಂಗ್ ಕೊಡುತ್ತದೆ. ದೇಶದಲ್ಲಿ ಟೀವಿ ಇರುವ ಮನೆಗಳು ಸುಮಾರು 21 ಕೋಟಿ ಅಂತ ಅವರದ್ದೇ 2020ರ ಲೆಕ್ಕ. ನೋಡಿದ್ದನ್ನು ಅಳೆಯುವ ಮೀಟರ್ ಇರುವುದು ಸುಮಾರು 58,000 ಮನೆಗಳಲ್ಲಿ. ಭಾಗಿಸಿ ನೋಡಿದೆ, ಹೆಚ್ಚುಕಮ್ಮಿ 3,600 ಮನೆಗೆ ಒಂದು. ಲೆಕ್ಕಶಾಸ್ತ್ರದ ಪ್ರಕಾರ ಅಷ್ಟು ಸಾಕು ಅಂತ ಓದಿದವರು ಹೇಳುತ್ತಾರೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುವ ಹಾಗೆ. ಸರಿ, ಒಪ್ಪಿದೆ. ಆದರೆ ಅಗುಳು ಹಿಚುಕಿದರೆ ಬೆಂದಿದೆಯೋ ಇಲ್ಲವೋ ಅಷ್ಟೇ ಗೊತ್ತಾಗುವುದು. ಉಣ್ಣುವವರಿಗೆ ಇವತ್ತು ಅನ್ನ ಬೇಕಿತ್ತೋ, ಕಡುಬು ಬೇಕಿತ್ತೋ ಅಂತ ಗೊತ್ತಾಗುವುದಿಲ್ಲ. ಇಲ್ಲದ್ದನ್ನು ಯಾವ ಮೀಟರೂ ಅಳೆಯುವುದಿಲ್ಲ. ಅಜ್ಜಿ ಎಂಟೂವರೆಗೆ ಟೀವಿ ಹಾಕುತ್ತಾರೆ, ಯಾಕೆಂದರೆ ಅಡುಗೆಮನೆ ಕೆಲಸ ಮುಗಿಯುವುದೇ ಆಗ. ಆ ಹೊತ್ತಿನಲ್ಲಿ ನಾಲ್ಕೂ ಕಡೆ ಒಬ್ಬೊಬ್ಬ ಸೊಸೆ ಬಾಗಿಲಲ್ಲಿ ನಿಂತಿರುತ್ತಾಳೆ. ಗುರುವಾರ ಅಂಕಿ ಬರುತ್ತದೆ. ಸೊಸೆ ಬಾಗಿಲಲ್ಲಿ ನಿಂತರೆ ಜನ ನೋಡುತ್ತಾರೆ ಅಂತ ಸಾಬೀತಾಗುತ್ತದೆ. ಮುಂದಿನ ವಾರವೂ ನಿಲ್ಲಿಸುತ್ತಾರೆ.

ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಬೇರೆ ದರ ಇದೆ. ಒಂದೇ ತೋಟದ ಮಾಲೇ ನಾಲ್ಕು ಥರ. ಟೀವಿಯ ಮಂಡಿಯಲ್ಲಿ ಹಾಗಲ್ಲ. ತಂದದ್ದೆಲ್ಲ ರಾಶಿ ಆಗಿಯೇ ಇರಬೇಕು.

ಒಂದು ಕಡೆ ಓಡಿದ ಕಥೆಯನ್ನು ಎಲ್ಲ ಕಡೆ ಓಡಿಸುವುದೂ ಇದರ ಭಾಗ. ಸ್ಟಾರ್‌ನವರ ಬಂಗಾಳಿ ಚಾನೆಲ್ಲಿನಲ್ಲಿ 2019ರಲ್ಲಿ 'ಶ್ರೀಮೊಯೀ' ಅಂತ ಒಂದು ಸೀರಿಯಲ್ ಬಂತು. ಗಂಡ, ಮಕ್ಕಳು ಯಾರೂ ಲೆಕ್ಕಕ್ಕಿಡದ ಗೃಹಿಣಿಯ ಕಥೆ. ಅದೇ ಹಿಂದಿಯಲ್ಲಿ 'ಅನುಪಮಾ' ಆಯಿತು. ಮರಾಠಿ, ಮಲಯಾಳಂ, ತೆಲುಗು, ತಮಿಳಿಗೆ ಹೋಯಿತು, ಕನ್ನಡದಲ್ಲಿ 'ಇಂತಿ ನಿಮ್ಮ ಆಶಾ' ಆಯಿತು. ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡು ಒಂದು ಮನೆಯಲ್ಲಿ ಇರುವ ಆಟ ನೆದರ್ಲೆಂಡಿನಲ್ಲಿ 1999ರಲ್ಲಿ ಹುಟ್ಟಿದ್ದು, ಕನ್ನಡಕ್ಕೆ 2013ರಲ್ಲಿ ಬಿಗ್ ಬಾಸ್ ಆಗಿ ಬಂತು. ಕಥೆ ಹೊರಗಿಂದ ಬಂದರೆ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಯಕ್ಷಗಾನದ ಪ್ರಸಂಗಗಳು ಯಾವ ಊರಿನವು? ಹಸ್ತಿನಾವತಿ ಹೊಸನಗರ ತಾಲ್ಲೂಕಿನಲ್ಲಿಲ್ಲವಲ್ಲ. ಆದರೆ ರಂಗಸ್ಥಳಕ್ಕೆ ಬಂದ ಹಾಸ್ಯಗಾರ ದ್ವಾಪರದಲ್ಲಿ ನಿಂತುಕೊಂಡೇ ಈ ವರ್ಷದ ಅಡಿಕೆ ರೇಟು ಮಾತಾಡುತ್ತಾನೆ, ಊರಿನ ರಸ್ತೆ ಗುಂಡಿಯನ್ನು ಆಡಿಕೊಳ್ಳುತ್ತಾನೆ. ಅವನಿಗೆ ಆ ಸ್ವಾತಂತ್ರ್ಯ ಇದೆ. ಮುಂಬೈಯಲ್ಲಿ ಒಪ್ಪಿಗೆಯಾದ ಸೀರಿಯಲ್ಲಿನ ಅಡುಗೆಯವನಿಗೆ ಇಲ್ಲ.

ಇನ್ನು ನಮ್ಮೂರಿನ ಮಾತಿಗೆ ಬರುತ್ತೇನೆ. ಮಲೆನಾಡು ಟೀವಿಯಲ್ಲಿ ಇಲ್ಲ ಅಂತ ದೂರಿದರೆ ತಪ್ಪಾಗುತ್ತದೆ. ಸಿಕ್ಕಾಪಟ್ಟೆ ಇದೆ! ಮಂಜು, ಹೆಂಚಿನ ಮನೆ, ತೋಟದ ದಾರಿ, ಮಳೆಯಲ್ಲಿ ಕುಣಿಯುವ ಹುಡುಗಿ. ಬೇಕಾದರೆ ಗಮನಿಸಿ, ಸೀರಿಯಲ್ಲಿನ ಪ್ರೋಮೋ ನಮ್ಮ ಕಡೆ ತೆಗೆಯುತ್ತಾರೆ. ಮೊದಲ ಹತ್ತು ದಿನ ನಮ್ಮ ಕಡೆಯೇ. ಹನ್ನೊಂದನೇ ದಿನ ಹುಡುಗಿಗೆ ಬೆಂಗಳೂರಿನ ಶ್ರೀಮಂತರ ಸಂಬಂಧ ಕುದುರುತ್ತದೆ. ಆಮೇಲೆ ಮೂರು ವರ್ಷ ಒಂದೇ ಬಂಗಲೆ, ಒಂದೇ ಸೋಫಾ. ತವರುಮನೆ ನೆನಪಾಗುವುದು ರೇಟಿಂಗ್ ಬಿದ್ದಾಗ.

ನಮ್ಮ ಪಕ್ಕದ ಊರಿನ ಒಂದು ದೊಡ್ಡ ಮನೆಯಲ್ಲಿ ಇಂಥದ್ದೊಂದು ಶೂಟಿಂಗ್ ಆಯಿತು. ಯಾವ ಚಾನೆಲ್, ಯಾವ ಕಂಪನಿ ಅಂತ ಹೇಳುವುದಿಲ್ಲ. ಬಂದ ಹುಡುಗರು ಒಳ್ಳೆಯವರು, ಪಾಪ, ಅವರಿಗೆ ಹೇಳಿದ್ದನ್ನು ಮಾಡುತ್ತಿದ್ದರು. ಕರೆಂಟಿನ ಕೆಲಸಕ್ಕೆ ನನ್ನನ್ನು ಕರೆದಿದ್ದರು, ಹಾಗಾಗಿ ಮೂರು ದಿನ ಅಲ್ಲೇ ಇದ್ದೆ. ಮೊದಲು ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ತೆಗೆಸಿದರು, ಫ್ರೇಮಿಗೆ ಚೆನ್ನಾಗಿ ಕಾಣಲ್ಲ ಅಂತ. ಚಾವಣಿ ಮೇಲಿನ ಸೋಲಾರ್ ಹೀಟರಿಗೆ ತೆಂಗಿನ ಗರಿ ಮುಚ್ಚಿದರು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಡ್ರಮ್ಮು ಕೊಟ್ಟಿಗೆಯ ಹಿಂದೆ ಹೋಯಿತು. ಆ ಮನೆಯ ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದಿ ರಜೆಗೆ ಬಂದಿದ್ದಳು. ಅವಳ ಸ್ಕೂಟರನ್ನೂ ಸರಿಸಿದರು. ಆಮೇಲೆ ನಾಯಕಿ ಬಂದಳು, ಹೊಸ ಹಿತ್ತಾಳೆ ಕೊಡಪಾನ ಸೊಂಟದಲ್ಲಿಟ್ಟುಕೊಂಡು ಬಾವಿಗೆ ನೀರಿಗೆ ಹೋದಳು. ಆ ಬಾವಿಗೆ ಮೋಟಾರ್ ಇಟ್ಟು ಎಷ್ಟೋ ವರ್ಷವಾಗಿದೆ. ಮನೆಯೊಡತಿ ಜಗುಲಿಯಲ್ಲಿ ನಿಂತು ನೋಡುತ್ತಿದ್ದವರು, "ಆ ಹುಡುಗಿ ಕೊಡಪಾನ ತಿರುಗಾ ಹಿಡ್ಕೊಂಡಿದ್ದಾಳೆ, ಯಾರಾದ್ರೂ ಹೇಳಿ" ಅಂದರು. ಯಾರೂ ಹೇಳಲಿಲ್ಲ. "ಅಮ್ಮಾ, ಸ್ವಲ್ಪ ಒಳಗೆ ಹೋಗ್ತೀರಾ, ಶಾಟ್‌ನಲ್ಲಿ ಬರ್ತಿದ್ದೀರಿ" ಅಂತ ಅವರಿಗೇ ಹೇಳಿದರು.

ಮನೆ ಬೇಕು, ಮನೆಯವರು ಬೇಡ. ಕೊಳೆ ರೋಗಕ್ಕೆ ಔಷಧಿ ಹೊಡೆಯಲು ಮಳೆ ಬಿಡುವನ್ನೇ ಕಾಯುವವರು, ಎಲೆಚುಕ್ಕಿ ಬಂದ ತೋಟ ನೋಡಿ ರಾತ್ರಿ ನಿದ್ದೆ ಬಿಟ್ಟವರು, ಬಗರ್‌ಹುಕುಂ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವರು, ಲಿಂಗನಮಕ್ಕಿ ಹಿನ್ನೀರಿಗೆ ಊರು ಬಿಟ್ಟು ಬಂದವರ ಮೊಮ್ಮಕ್ಕಳು. ಇವರೆಲ್ಲ ಶಾಟ್‌ನಲ್ಲಿ ಬರುವವರು.

ಈ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಿದವರನ್ನೂ ಯೋಚಿಸಿ ನೋಡಿದೆ. ನಮ್ಮ ಅರಸಾಳು ರೈಲ್ವೆ ಸ್ಟೇಷನ್ ಇದೆಯಲ್ಲ, ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಸೀರಿಯಲ್ ತೆಗೆದ ಜಾಗಗಳಲ್ಲಿ ಅದೂ ಒಂದು. ಆಗುಂಬೆಯ ದೊಡ್ಡಮನೆಯಂತೂ ಎಲ್ಲರಿಗೂ ಗೊತ್ತು. ಹಳೇ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು, ಜನ ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಷ್ಟು ಪ್ರೀತಿಯಿಂದ ಮಲೆನಾಡನ್ನು ಟೀವಿಯಲ್ಲಿ ತೋರಿಸಿದವರು ಇನ್ನೊಬ್ಬರಿಲ್ಲ. ನಿರ್ದೇಶಕ ಕನ್ನಡಿಗ, ನಟರಲ್ಲಿ ಎಷ್ಟೋ ಜನ ಕನ್ನಡಿಗರು, ಊರು ನಮ್ಮದು. ಆದರೆ ಅದು ತಯಾರಾದದ್ದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ನಮ್ಮ ಅಪ್ಪ ಪಕ್ಕದ ಮನೆಯ ಕಪ್ಪು-ಬಿಳುಪು ಟೀವಿಯಲ್ಲಿ ನೋಡಿ, "ನಮ್ಮೂರವರು ಎಂಥ ಮಾತಾಡ್ತಿದ್ದಾರೆ ಇವರು?" ಅಂತ ಕೇಳಿದ್ದು ನೆನಪಿದೆ. ಶಂಕರ್‌ನಾಗ್‌ಗೆ ಕನ್ನಡದ ಮೇಲೆ ಪ್ರೀತಿ ಕಮ್ಮಿ ಇತ್ತಾ? ಸಮಯ ಕೊಟ್ಟದ್ದು ದೆಹಲಿಯ ದೂರದರ್ಶನ. ದಂಬೆಯ ತಲೆ ಅಲ್ಲಿತ್ತು.

ಈಗ ನನ್ನದೇ ಒಂದು ಕಥೆ. ಸ್ವಲ್ಪ ಉದ್ದ ಆಗಬಹುದು, ಓದಿ.

1998ರ ಹೊತ್ತಿಗೆ ನನ್ನ ಹತ್ತಿರ ಒಂದು ವಿಎಚ್‌ಎಸ್ ಕ್ಯಾಮೆರಾ ಬಂತು. ಮದುವೆ ವಿಡಿಯೋ ಮಾಡುವುದಕ್ಕೆ ತಂದದ್ದು. ಊರಿನಲ್ಲಿ ಒಬ್ಬರ ಮನೆಯಲ್ಲಿ ಹರಕೆ ಆಟ, ಅಂದರೆ ಹರಕೆ ಹೊತ್ತು ಆಡಿಸುವ ಯಕ್ಷಗಾನ, ಇತ್ತು. ರಾತ್ರಿಯಿಡೀ ಕೂತು ತೆಗೆದೆ. ಮೂರು ಕ್ಯಾಸೆಟ್ ಆಯಿತು. ಮಾರನೇ ದಿನ ಸಂಜೆ ವಿಸಿಆರ್‌ಗೆ ಹಾಕಿ ನನ್ನ ಖಾಲಿ ಚಾನೆಲ್ಲಿನಲ್ಲಿ ಬಿಟ್ಟೆ. ಸುಮ್ನೆ ಒಂದು ತಮಾಷೆ ಅಂತ. ಅವತ್ತು ಬಂದಷ್ಟು ಫೋನು ನನಗೆ ಯಾವ ಹೊಸ ಸಿನಿಮಾ ಹಾಕಿದಾಗಲೂ ಬಂದಿರಲಿಲ್ಲ. "ಇನ್ನೊಂದ್ ಸಲ ಹಾಕು, ನಮ್ಮ ಭಾವ ಚೌಕಿ ಹತ್ರ ನಿಂತಿದ್ದು ಕಾಣತ್ತೆ." "ಆ ಭಾಗ ಮುಂದೆ ಓಡಿಸ್ಬೇಡ ಮಾರಾಯ, ಅಲ್ಲಿ ಚಂಡೆ ಚೆನ್ನಾಗಿದೆ." ಮುಂಚಿನ ರಾತ್ರಿ ಇಡೀ ಆಟ ನೋಡಿ ನಿದ್ದೆಗೆಟ್ಟವರೇ ಮತ್ತೆ ಕೂತು ನೋಡಿದರು.

ಅಲ್ಲಿಂದ ಅದು ಚಟವಾಯಿತು. ಗಣಪತಿ ಬಿಡುವುದು, ಶಾಲೆ ವಾರ್ಷಿಕೋತ್ಸವ, ಭೂಮಿ ಹುಣ್ಣಿಮೆಯ ಪೂಜೆ, ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬಂದದ್ದು. ಒಮ್ಮೆ ಕಾಲೇಜು ಹುಡುಗರು ಸೇರಿ ಮಂಗನ ಕಾಯಿಲೆ ಬಗ್ಗೆ ಅರ್ಧ ಗಂಟೆಯ ನಾಟಕ ಮಾಡಿದರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಗೊತ್ತಾದದ್ದರಿಂದ ಹಿಡಿದು, ಕಾಡಿಗೆ ದರಗು (ಒಣಗಿದ ಎಲೆ) ತರಲು ಹೋಗುವವರು ಏನು ಮಾಡಬೇಕು ಅನ್ನುವವರೆಗೆ. ಅದರಲ್ಲಿ ಸತ್ತ ಮಂಗನ ಪಾರ್ಟು ಮಾಡಿದವನು ಈಗ ಬ್ಯಾಂಕ್ ಮ್ಯಾನೇಜರ್. ಆ ನಾಟಕ ಎಷ್ಟು ಸಲ ಹಾಕಿದೆನೋ ಲೆಕ್ಕ ಇಲ್ಲ. ಕ್ವಾಲಿಟಿ ಕೇಳಬೇಡಿ, ಕ್ಯಾಮೆರಾ ಅಲ್ಲಾಡುತ್ತಿತ್ತು, ಮಾತಿಗಿಂತ ಜೀರುಂಡೆ ಸದ್ದು ಜಾಸ್ತಿ.

ಆಮೇಲೆ ಡಿಜಿಟಲ್ ಬಂತು. ನಮ್ಮಂಥ ಹಳ್ಳಿಗಳಿಗೆ 2017ರ ಮಾರ್ಚ್ 31 ಕೊನೆಯ ದಿನ ಅಂದರು. ಮನೆಮನೆಗೆ ಸೆಟ್‌ಟಾಪ್ ಬಾಕ್ಸ್. ಚಿತ್ರ ಸ್ವಚ್ಛವಾಯಿತು, ಅದು ನಿಜ. ಆದರೆ ಜಗುಲಿಯ ಮಾಡ್ಯುಲೇಟರ್ ಮೂಲೆಗೆ ಬಿತ್ತು. ಚಾನೆಲ್ಲುಗಳೆಲ್ಲ ಈಗ ದೊಡ್ಡ ಆಪರೇಟರ್‌ನ ಹೆಡ್‌ಎಂಡ್‌ನಿಂದ, ಅಂದರೆ ಅವರ ಕಂಟ್ರೋಲ್ ರೂಮಿನಿಂದ, ಕಟ್ಟು ಕಟ್ಟಾಗಿ ಬರುತ್ತವೆ. ನನ್ನ ಊರಿನ ಚಾನೆಲ್ ಅದರೊಳಗೆ ಬರಬೇಕು ಅಂದರೆ ಜಾಗದ ಬಾಡಿಗೆ ಕಟ್ಟಬೇಕು. ಆ ಕಂಪನಿಯ ಹೆಸರು ಬೇಡ. ಅವರು ಹೇಳಿದ ಮೊತ್ತ ನನ್ನ ವರ್ಷದ ಉಳಿತಾಯಕ್ಕಿಂತ ಜಾಸ್ತಿ ಇತ್ತು. "ಎಷ್ಟು ಜನ ನೋಡ್ತಾರೆ, ಡೇಟಾ ಇದೆಯಾ?" ಅಂತ ಕೇಳಿದರು. ಇತ್ತು ಸ್ವಾಮಿ, ಫೋನು ಬರುತ್ತಿತ್ತಲ್ಲ. ಅದು ಡೇಟಾ ಅಲ್ಲವಂತೆ. ಒಂಟಿಮನೆಗಳವರು ಅಷ್ಟರಲ್ಲಿ ಡಿಟಿಎಚ್‌ಗೆ ಹೋಗಿದ್ದರು. ಒಂದು ಮನೆಗೆ ಅರ್ಧ ಮೈಲಿ ವೈರು ಎಳೆಯುವುದಕ್ಕಿಂತ ಅದೇ ಸಲೀಸು, ನಾನೂ ಅವರಿಗೆ ಅದನ್ನೇ ಹೇಳಿದೆ. ಹಾಗೆ ಒಂದು ದಿನ ನಮ್ಮೂರಿನ ಚಾನೆಲ್ ನಿಂತಿತು. ಯಾರೂ ನಿಲ್ಲಿಸಿ ಅಂತ ಹೇಳಿರಲಿಲ್ಲ.

ಇದನ್ನೆಲ್ಲ ಹೇಳಿದ್ದು ಕನಿಕರ ಬರಲಿ ಅಂತಲ್ಲ. ಇಂಥದ್ದನ್ನು ಬೇರೆ ಥರ ಮಾಡಿ ತೋರಿಸಿದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ ಅಂತ ನೆನಪಿಸಲಿಕ್ಕೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ ಶುರುವಾದದ್ದು 1949ರಲ್ಲಿ. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ಚಿತ್ರಸಮಾಜ ಕಟ್ಟಿದರು. ಅಡಿಕೆ ಸುಲಿಯುವ ಕೈಗಳು ಸತ್ಯಜಿತ್ ರೇ, ಕುರೋಸಾವರ ಸಿನಿಮಾ ನೋಡಿದವು. ಹಳ್ಳಿಯವರಿಗೆ ಇದು ಅರ್ಥವಾಗುತ್ತಾ ಅಂತ ಯಾರೂ ಸರ್ವೆ ಮಾಡಲಿಲ್ಲ, ತೋರಿಸಿದರು, ಆಮೇಲೆ ಕೂತು ಮಾತಾಡಿದರು. 1980ರ ದಶಕದ ಮಧ್ಯದಲ್ಲಿ ಆನಂದಪುರ, ಸಾಗರ ದಾಟಿ ಬಸ್ಸಿನಲ್ಲಿ ಹೋಗಿ ನಾನೂ ನೋಡಿದ್ದೇನೆ. ಜಪಾನಿನ ಸಿನಿಮಾದಲ್ಲಿ ಮಳೆ ಬಂದಾಗ ನನ್ನ ಹಿಂದೆ ಕೂತಿದ್ದ ಹೆಗಡೇರು, "ಮಳೆ ಅಂದ್ರೆ ಹೀಗೆ ಸುರಿಬೇಕು ನೋಡು" ಅಂದರು. ಸಿನಿಮಾದ ಮಳೆಯ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಿಂದ ಹೊರಟ ಗಿರೀಶ ಕಾಸರವಳ್ಳಿಯವರಿಗೆ ದೇಶದ ಅತ್ಯುತ್ತಮ ಸಿನಿಮಾಕ್ಕೆ ಕೊಡುವ ಸ್ವರ್ಣಕಮಲ ನಾಲ್ಕು ಸಲ ಬಂತು. ಸಾಗರದ ನಾ. ಡಿಸೋಜಾ ಅವರ ಕಥೆಯಿಂದ ಅವರು ಮಾಡಿದ 'ದ್ವೀಪ', ಹಿನ್ನೀರು ಏರುತ್ತಿರುವಾಗ ಮನೆ ಬಿಡದೆ ನಿಂತವರ ಸಿನಿಮಾ, ಅದರಲ್ಲೊಂದು. ಥಿಯೇಟರಿನಲ್ಲಿ ಅದನ್ನು ನೋಡಿದವರು ಕೈಯೆತ್ತಿ ಅಂದರೆ ನಮ್ಮ ಹಿನ್ನೀರಿನ ಊರುಗಳಲ್ಲೇ ಎಷ್ಟು ಕೈ ಏಳುತ್ತವೆ?

ಒಟಿಟಿ ಬಂದಾಗ ಇನ್ನು ಈ ಬೊಕೆ, ರೇಟಿಂಗ್ ಕಾಟ ಇಲ್ಲ ಅಂತ ಎಲ್ಲರೂ ಅಂದುಕೊಂಡೆವು. ನೆಟ್‌ಫ್ಲಿಕ್ಸ್, ಪ್ರೈಮ್ ಎರಡೂ 2016ರಲ್ಲಿ ಇಲ್ಲಿಗೆ ಬಂದವು. ಎಂಟು ವರ್ಷದ ಮೇಲೆ ಏನಾಯಿತು ನೋಡಿ. ಕರಾವಳಿಯ ಏಳು ಕಥೆಗಳ 'ಏಕಂ' ಅನ್ನುವ ಕನ್ನಡ ವೆಬ್ ಸರಣಿಯನ್ನು ಯಾವ ದೊಡ್ಡ ಒಟಿಟಿಯೂ ತಗೊಳ್ಳಲಿಲ್ಲ. ರಕ್ಷಿತ್ ಶೆಟ್ಟಿಯಂಥ ಹೆಸರಿದ್ದವರು ಹಿಂದೆ ನಿಂತಿದ್ದೂ ಅಷ್ಟೇ. ಕೊನೆಗೆ 2024ರ ಜುಲೈನಲ್ಲಿ ಅವರೇ ಒಂದು ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಅವರಿಗೇ ಹೀಗಾದರೆ ರಿಪ್ಪನ್‌ಪೇಟೆಯ ಹುಡುಗನ ಕಿರುಚಿತ್ರದ ಗತಿ ಏನು?

ಅದಕ್ಕೇ ನಿಮ್ಮ ಒಟಿಟಿ ಮೇಲೆ ನನಗೆ ಆಸೆ ಇದೆ, ಹೆದರಿಕೆಯೂ ಇದೆ. ಪಕ್ಕದ ಕೇರಳ 2024ರ ಮಾರ್ಚ್‌ನಲ್ಲಿ 'ಸಿ ಸ್ಪೇಸ್' ಅಂತ ಸರ್ಕಾರದ್ದೇ ಒಟಿಟಿ ಶುರು ಮಾಡಿತು. ತಿಂಗಳ ಚಂದಾ ಇಲ್ಲ, ನೋಡಿದ ಸಿನಿಮಾಕ್ಕೆ 75 ರೂಪಾಯಿ, ಅದರಲ್ಲಿ ಅರ್ಧ ಸಿನಿಮಾ ಮಾಡಿದವರಿಗೆ. ಈ ಅರ್ಧದ ಲೆಕ್ಕ ನನಗೆ ಇಷ್ಟವಾಯಿತು. ನೋಡಿದವನ ದುಡ್ಡು ಯಾರಿಗೆ ಹೋಯಿತು ಅಂತ ಗೊತ್ತಾಗುತ್ತದೆ. ನೀವೂ ಅಂಥದ್ದೇನಾದರೂ ಮಾಡಿ. ಯಾವ ಸಿನಿಮಾವನ್ನು ಎಷ್ಟು ಜನ, ಯಾವ ತಾಲ್ಲೂಕಿನವರು ನೋಡಿದರು ಅನ್ನುವ ಅಂಕಿಯನ್ನು ಗುಟ್ಟು ಮಾಡದೆ ಹೊರಗಿಡಿ. ಸಬ್ಸಿಡಿಗೆ ಅಂತ ತಯಾರಾಗಿ ಯಾರೂ ನೋಡದ ಡಬ್ಬಗಳನ್ನು ಪೇರಿಸಿಡುವ ಗೋಡೌನ್ ಮಾತ್ರ ಮಾಡಬೇಡಿ, ದಯವಿಟ್ಟು. ಆಯ್ಕೆ ಸಮಿತಿಯವರೆಲ್ಲ ಬೆಂಗಳೂರಿನವರೇ ಆಗುವುದು ಬೇಡ. ಇನ್ನೊಂದು, ಹೀಗೆ ಮಾತಾಡಿದರೆ ಶುದ್ಧ ಕನ್ನಡ ಅಲ್ಲ ಅಂತ ಯಾರನ್ನೂ ವಾಪಸ್ ಕಳಿಸಬೇಡಿ. ಸೀರಿಯಲ್ಲಿನವರು ಮಲೆನಾಡಿಗೂ ಮಂಗಳೂರಿಗೂ ಒಂದೇ ಭಾಷೆ ಇಟ್ಟಿದ್ದಾರೆ, ಅಷ್ಟು ಸಾಕು.

ಆ್ಯಪ್ ಮಾಡಿಬಿಟ್ಟರೆ ಮುಗಿಯಿತು ಅಂದುಕೊಂಡರೆ ನಮ್ಮೂರಿಗೆ ಒಮ್ಮೆ ಬನ್ನಿ. ಕೋವಿಡ್ ಸಮಯದಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕೆ ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತಿದ್ದು ಇಲ್ಲೇ. ಇವತ್ತಿಗೂ ಕೆಲವು ಕೇರಿಗಳಲ್ಲಿ ಫೋನಿನಲ್ಲಿ ಮಾತಾಡಬೇಕಾದರೆ ಗೇಟಿನ ಹತ್ತಿರ ಹೋಗಬೇಕು. ಅಂಥ ಕಡೆ ಅಜ್ಜಿ ಒಟಿಟಿ ನೋಡುವುದು ಹೇಗೆ? ನನ್ನ ವೈರು ಮಾತ್ರ ಆಗಲೇ ಅವರ ಮನೆಯಲ್ಲಿದೆ. ನಿಮ್ಮ ಒಟಿಟಿಗೆ ಬಂದದ್ದನ್ನು ದಿನಕ್ಕೆ ಎರಡು ಗಂಟೆ ನಮ್ಮಂಥ ಲೋಕಲ್ ಕೇಬಲ್‌ನವರಿಗೆ ಪುಕ್ಕಟೆ ಕೊಡಿ, ಪ್ರತಿ ತಾಲ್ಲೂಕಿಗೆ ಒಂದು ಚಾನೆಲ್ಲಿನ ಜಾಗ ಬಾಡಿಗೆ ಇಲ್ಲದೆ ಸಿಗುವ ಹಾಗೆ ಮಾಡಿ. ತಿಂಗಳಿಗೊಂದು ಶನಿವಾರ ಸಮುದಾಯ ಭವನದಲ್ಲಿ ಪರದೆ ಕಟ್ಟಿ ತೋರಿಸುವುದಾದರೆ ಪ್ರೊಜೆಕ್ಟರ್ ಹೊರುವುದಕ್ಕೆ ನಾನಿದ್ದೇನೆ. ಟೀ, ಮಂಡಕ್ಕಿ ಊರವರು ನೋಡಿಕೊಳ್ಳುತ್ತಾರೆ.

ಕೊನೆಗೆ ಒಂದು ಸಣ್ಣ ಕೆಲಸ ಇದೆ. ಭಂಡಾರಕ್ಕೆ 3 ಕೋಟಿ ಅಂದಿದ್ದೀರಿ. ಅದು ಸಿನಿಮಾಗಳಿಗೆ ಮಾತ್ರ ಅಂತ ಗೊತ್ತು. ಆದರೂ ಕೇಳುತ್ತೇನೆ. ನಮ್ಮನೆ ಅಟ್ಟದ ಮೇಲೆ, ಕಂಬಳಿ ಸುತ್ತಿದ ತಗಡಿನ ಪೆಟ್ಟಿಗೆಯಲ್ಲಿ 114 ವಿಎಚ್‌ಎಸ್ ಕ್ಯಾಸೆಟ್‌ಗಳಿವೆ. ಅಡುಗೆಮನೆ ಒಲೆಯ ಬಿಸಿ ತಾಗುವ ಜಾಗ, ಅದಕ್ಕೇ ಇಷ್ಟು ದಿನ ಬದುಕಿವೆ. ಹೋದ ವರ್ಷದಿಂದ ಬೂಷ್ಟು ಹಿಡಿಯಲು ಶುರುವಾಗಿದೆ. ಅದರಲ್ಲಿ ಆ ಹರಕೆ ಆಟ ಇದೆ, ಮಂಗನ ಕಾಯಿಲೆಯ ನಾಟಕ ಇದೆ. ಮೇಲಿನಕೇರಿಯ ಅಜ್ಜಿ ಐವತ್ತರ ಹರೆಯದಲ್ಲಿ ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಅಚ್ಚಂಬಲಿ ಎರಚುತ್ತಾ ಹಾಡಿದ್ದೂ ಇದೆ. ಪೂರಾ ಹಾಡು. ಅದನ್ನು ಪೂರ್ತಿ ಬಲ್ಲವರು ನಮ್ಮಲ್ಲಿ ಈಗ ಅವರೊಬ್ಬರೇ, ನಡುವಿನ ಎರಡು ಸಾಲು ಅವರಿಗೂ ಮರೆತಿದೆಯಂತೆ. ಕ್ಯಾಸೆಟ್ ನಂಬರ್ 37. ನನ್ನ ವಿಸಿಆರ್ ಕೆಟ್ಟಿದೆ, ಹೆಡ್ ಸಿಗುತ್ತಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಯಾರನ್ನಾದರೂ ಕಳಿಸಿ. ಜೂನ್ ಮೊದಲ ವಾರದ ನಂತರ ನಮ್ಮ ಕಡೆ ರಸ್ತೆಯನ್ನು ನಂಬುವ ಹಾಗಿಲ್ಲ. ಅರಸಾಳು ಸ್ಟೇಷನ್ನಿನಲ್ಲಿ ಇಳಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ,
ರಿಪ್ಪನ್‌ಪೇಟೆ ಕಡೆಯ ಕೇಬಲ್‌ನವ